ಒಕಾಪಿ ಮರಿಯ ಬಾಣಂತನ

ಒಕಾಪಿ ಸಾಕುವ ಕೆಲಸಕ್ಕೆ ಸೇರಿದ ಮೇಲೆ ನಗೆಪಾಟಲಾಗಲು ನಾನು ಎಲ್ಲಿಗೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಮನೆ ಬಾಗಿಲಿಗೆ ಬರುತ್ತದೆ. ಕುಣಿಗಲ್ ರಸ್ತೆಯ ಮೃಗಾಲಯವೊಂದರಲ್ಲಿ ನಾನು ಪಶುವೈದ್ಯೆ. ಆಫ್ರಿಕಾದ ಕಾಡಿನ ಈ ಪ್ರಾಣಿಯ ಒಂದು ಜೋಡಿ ನಮ್ಮಲ್ಲಿಗೆ ಬಂದಾಗ, ಮರಿ ಹುಟ್ಟಿ ಬದುಕಿದರೆ ಸರಿ, ಇಲ್ಲದಿದ್ದರೆ ಜೋಡಿಯನ್ನು ಬೇರೆ ಕಡೆಗೆ ಕಳಿಸಿಬಿಡುತ್ತೇವೆ ಅಂತ ಮೇಲಿನವರು ಹೇಳಿಬಿಟ್ಟರು. ಜವಾಬ್ದಾರಿ ನನ್ನದು, ಸಲಹೆ ಮಾತ್ರ ಊರಿನವರೆಲ್ಲರದು.

೧. ಅರ್ಧ ಪೇಂಟು

ಒಕಾಪಿಯ ಮೈ ಕಂದು, ಹಿಂಭಾಗಕ್ಕೂ ಕಾಲಿಗೂ ಮಾತ್ರ ಬಿಳಿ ಪಟ್ಟೆ. ಜಿರಾಫೆಯ ನೆಂಟ ಅಂದರೆ ಯಾರೂ ನಂಬುವುದಿಲ್ಲ. ಗುಬ್ಬಿ ಕಡೆಯ ನಮ್ಮ ಕೀಪರ್ ಮೊದಲ ದಿನ ಅದನ್ನು ಹಿಂದೆ ಮುಂದೆ ನೋಡಿ, ದೇವರು ಹಿಂದಿನಿಂದ ಪೇಂಟ್ ಶುರು ಮಾಡಿ ಊಟಕ್ಕೆ ಎದ್ದು ಹೋದವನು ವಾಪಸ್ ಬಂದಿಲ್ಲ ಅಂತ ತೀರ್ಮಾನ ಕೊಟ್ಟರು.

ಕುಣಿಗಲ್‌ನ ಹಿರಿಯರೊಬ್ಬರು ನೋಡಲು ಬಂದಿದ್ದರು, ಅಲ್ಲಿನ ಕುದುರೆ ಫಾರಂನಲ್ಲೇ ತಲೆ ನರೆತವರು. ಕಂಬಿಗೆ ಒರಗಿಕೊಂಡು, ಇದು ಕುದುರೆಯ ಜಾತಿಯೇ ಅಂತ ಹೆಂಡತಿಗೆ ಪಾಠ ಮಾಡುತ್ತಿದ್ದರು. ಅಷ್ಟರಲ್ಲಿ ಒಕಾಪಿ ತನ್ನ ಕಪ್ಪು ನಾಲಿಗೆಯನ್ನು ಉದ್ದಕ್ಕೆ ಚಾಚಿ, ತನ್ನ ಕಿವಿಯನ್ನು ತಾನೇ ನೆಕ್ಕಿ ಚೊಕ್ಕಟ ಮಾಡಿಕೊಂಡಿತು. ಹೆಂಡತಿ ಗಂಡನ ಕಡೆ ತಿರುಗಿ ಹೇಳಿದರು:

"ನೋಡ್ಕಳಿ. ಅದೂ ಕಿವಿ ತೊಳ್ಕತದೆ."

೨. ಬೇರೆ ಮನೆ

ಒಕಾಪಿ ಒಂಟಿ ಜೀವ. ಗಂಡಿಗೊಂದು ಮನೆ, ಹೆಣ್ಣಿಗೊಂದು ಮನೆ, ನಡುವೆ ಜಾಲರಿ. ಹೆಣ್ಣು ಬೆದೆಗೆ ಬಂದಾಗ ಮಾತ್ರ ಬಾಗಿಲು ತೆಗೆಯುತ್ತೇವೆ. ಸದಾಶಿವನಗರದ ನಮ್ಮ ಮನೆಯಲ್ಲಿ ಇದನ್ನು ಕೇಳಿ ನಮ್ಮ ಅತ್ತೆಗೆ ಸಂಕಟವಾಯಿತು. ಅವರು ಬೆಳ್ಳಾವಿಯ ಹೆಣ್ಣುಮಗಳು, ಸಂಸಾರ ಕೂಡಿಸುವುದರಲ್ಲಿ ಎತ್ತಿದ ಕೈ. ಹಿಂಗೆ ಬೇರೆ ಬೇರೆ ಇಟ್ಟರೆ ಮರಿ ಹೆಂಗಾದೀತು, ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಬಾರದಾ ಅಂತ ನನ್ನನ್ನೇ ಬೈದರು. ಅವಕ್ಕೆ ಜಗಳವೇನಿಲ್ಲ, ದೂರ ಇದ್ದರೇನೇ ನೆಮ್ಮದಿ, ಬೇಕಾದಾಗ ಮಾತ್ರ ಭೇಟಿ ಅಂತ ನಾನು ಬಿಡಿಸಿ ಹೇಳಿದೆ.

ಅತ್ತೆ, ಟಿವಿಯ ಸೌಂಡ್ ಜೋರು ಮಾಡಿಕೊಂಡು ಸೋಫಾ ತುಂಬ ಮಲಗಿದ್ದ ಮಾವನವರನ್ನೇ ಒಂದಷ್ಟು ಹೊತ್ತು ನೋಡಿದರು.

"ಹಿಂಗೂ ಇರ್ಬೋದು ಅಂತ ನಮ್ ಕಾಲ್ದಲ್ಲಿ ಯಾರೂ ಹೇಳ್ಲೇ ಇಲ್ವಲ್ಲೇ."

೩. ರಾಕ್ಷಸನ ಗಂಟಲು

ಒಕಾಪಿಗೆ ಸದ್ದು ಆಗುವುದಿಲ್ಲ. ಬಕೆಟ್ ಬಿದ್ದರೂ ಸಾಕು, ಮೇವು ಬಿಟ್ಟು ಮೂಲೆ ಸೇರುತ್ತದೆ. ನಮ್ಮ ಕೀಪರ್ ಮಾತ್ರ ಊರಿನ ನಾಟಕದಲ್ಲಿ ಕಾಯಂ ರಾಕ್ಷಸ. ಅವರು "ಬಾಮ್ಮಾ" ಅಂದರೆ ಪಕ್ಕದ ಮನೆಯ ನವಿಲೂ ಓಡಿ ಹೋಗುತ್ತಿತ್ತು. ಜೋಡಿಯನ್ನು ಕೂಡಿಸುವ ದಿನಗಳು ಹತ್ತಿರ ಬಂದಾಗ, ಒಕಾಪಿ ಮನೆಯಲ್ಲಿ ಪಿಸುಮಾತು ಬಿಟ್ಟು ಬೇರೆ ಮಾತೇ ಕೂಡದು ಅಂತ ನಾನು ಆರ್ಡರ್ ಮಾಡಿದೆ.

ಪುಣ್ಯಾತ್ಮರು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಹೆಣ್ಣು ಒಕಾಪಿ ಗಬ್ಬ ಕಟ್ಟಿತು, ಇವರ ಗಂಟಲು ಮಾತ್ರ ವಾಪಸ್ ಬರಲಿಲ್ಲ. ಊರಿನ ನಾಟಕದಲ್ಲಿ ಗದೆ ಹಿಡಿದು ರಂಗಕ್ಕೆ ನುಗ್ಗಿ, "ಎಲೈ ನರಾಧಮ" ಅಂತ ಪಿಸುಗುಟ್ಟಿದರಂತೆ. ಮುಂದಿನ ಸಾಲಿನಿಂದ ಒಬ್ಬ ಸಮಾಧಾನ ಹೇಳಿದ:

"ಪರ್ವಾಗಿಲ್ಲ ಕಣಣ್ಣೋ, ಜೋರಾಗೇ ಬೈ. ನಿಮ್ಮನೇಲಿ ನಾವ್ ಹೇಳಕ್ಕಿಲ್ಲ."

೪. ಹರಳೆಣ್ಣೆ

ವರ್ಷ ಕಳೆದು ಇನ್ನೂ ಒಂದೆರಡು ತಿಂಗಳಿಗೆ ಮರಿ ಹುಟ್ಟಿತು. ಹುಲ್ಲಿನ ಮೂಲೆಯಲ್ಲಿ ಅಡಗಿ ಮಲಗುವುದು, ಎದ್ದು ಹಾಲು ಕುಡಿಯುವುದು, ಇಷ್ಟೇ. ಸಗಣಿ ಹಾಕಲಿಲ್ಲ. ವಾರಗಳು ಕಳೆದರೂ ಹಾಕಲಿಲ್ಲ. ಕಾಡಿನಲ್ಲಿ ಚಿರತೆಗೆ ವಾಸನೆ ಸಿಗಬಾರದೆಂದು ಒಕಾಪಿ ಮರಿಗಳು ಒಂದೆರಡು ತಿಂಗಳು ಹೀಗೇ ಇರುತ್ತವೆ. ಓದಿ ತಿಳಿದಿದ್ದೆ, ಬೇರೆಯವರಿಗೂ ಹೇಳುತ್ತಿದ್ದೆ. ಆದರೂ ದಿನ ಕಳೆದಂತೆ ನನಗೇ ಭಯ ಹತ್ತಿತು. ಈ ಮರಿಗೇನಾದರೂ ಆದರೆ ಜೋಡಿಯೂ ಹೋಗುತ್ತದೆ ಅಂತ ಊಟ ಸೇರುತ್ತಿರಲಿಲ್ಲ.

ಅತ್ತೆಗೆ ಓದಿನಲ್ಲಿ ನಂಬಿಕೆ ಇಲ್ಲ. ಕೂಸು ಕಕ್ಕ ಮಾಡದಿದ್ದರೆ ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಎಲ್ಲಿಗೆ ಮುಟ್ಟಿಸಬೇಕೋ ಅಲ್ಲಿಗೆ ಮುಟ್ಟಿಸಿದರೆ ಆಯಿತು, ನಿನ್ನ ಗಂಡನೂ ಹಂಗೇ ಬೆಳೆದಿದ್ದು ಅಂದರು. ದಿನಾ ನನ್ನ ಟಿಫನ್ ಬ್ಯಾಗಿನಲ್ಲಿ ಎಲೆ, ಎಣ್ಣೆ ಶೀಶೆ ಇಟ್ಟು ಕಳಿಸುತ್ತಿದ್ದರು. ನಾನು ಹಾಗೇ ವಾಪಸ್ ತರುತ್ತಿದ್ದೆ. ಕೊನೆಗೆ ಬೇಸತ್ತು, ಆ ಎಣ್ಣೆಯನ್ನೇ ಹಣತೆಗೆ ಸುರಿದು ದೇವರ ಮುಂದೆ ದೀಪ ಹಚ್ಚತೊಡಗಿದರು.

ಒಂದು ಬೆಳಿಗ್ಗೆ ಕೀಪರ್ ಫೋನ್. ಅದೇ ಪಿಸುಮಾತು, "ಮೇಡಂ..." ನಾನು ಒಲೆ ಆರಿಸಿದೆ. "ಹಾಕ್ತು ಮೇಡಂ."

ನಾನು ಅಡುಗೆಮನೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟೆ. ಮೃಗಾಲಯಕ್ಕೆ ಹೋಗಿ ಕಣ್ಣಾರೆ ನೋಡಿ, ಬರುವಾಗ ಪೇಡ ತಂದೆ. ಎಲ್ಲ ದೀಪದ ಮಹಿಮೆ ಅಂತ ಅತ್ತೆ ಬಾಕ್ಸ್ ಕಸಿದುಕೊಂಡು ತಾವೇ ಹಂಚಲು ಹೊರಟರು. ಪಕ್ಕದ ಮನೆಯಾಕೆ ಪೇಡ ಎತ್ತಿಕೊಂಡು, ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ ನಕ್ಕು, ಏನು ವಿಶೇಷ, ಸಿಹಿ ಸುದ್ದಿಯಾ ಅಂತ ಕೇಳಿದರು.

"ಇವಳ್ದಲ್ಲ ಕಣಮ್ಮ, ಆ ಮರೀದು. ಇವತ್ತು ಕಕ್ಕ ಮಾಡ್ತಂತೆ," ಅಂದರು ಅತ್ತೆ, ಹೆಮ್ಮೆಯಿಂದ. "ಉಂಡುಂಡೆಗೆ, ಥೇಟ್ ಇದೇ ಬಣ್ಣ. ತಿನ್ನು, ತಿನ್ನು."