ಇಪ್ಪತ್ತೈದನೇ ಚೀಟಿ

ಗ್ಲೋಬು ಒಡೆದದ್ದು ಸರಿಯಾಗಿ ಭೂಮಧ್ಯರೇಖೆಯ ಮೇಲೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಮೂರನೇ ತರಗತಿಯ ಮೇಷ್ಟ್ರು ಜೀವಮಾನದಲ್ಲಿ ಇನ್ನೊಂದು ಮಾಡಿರಲಿಲ್ಲ.

ಶುಕ್ರವಾರ ಸಂಜೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಕುರ್ಚಿ ಹತ್ತಿ ಬೀರುವಿನ ಮೇಲಿದ್ದ ನಕ್ಷೆಯ ಸುರುಳಿಯನ್ನು ಎಳೆದರು. ಸುರುಳಿಯ ಜೊತೆ ಭೂಮಿಯೂ ಬಂತು. ಉತ್ತರಾರ್ಧ ಮೇಜಿನ ಕೆಳಗೆ ಉರುಳಿತು, ದಕ್ಷಿಣಾರ್ಧ ಬಾಗಿಲವರೆಗೆ ಹೋಗಿ ಅಲ್ಲಿ ಸುತ್ತು ಹಾಕಿ ನಿಂತಿತು. ಮೇಷ್ಟ್ರು ಎರಡನ್ನೂ ಎತ್ತಿ, ಒಂದರ ಮೇಲೊಂದು ಕೂರಿಸಿ, ಮೊದಲಿನ ಜಾಗದಲ್ಲೇ ಇಟ್ಟು ಮನೆಗೆ ಹೋದರು. ಸೋಮವಾರ ಹೇಳಿದರಾಯಿತು ಎಂದುಕೊಂಡರು.

ಸೋಮವಾರ ಅವರಿಗಿಂತ ಮೊದಲು ಶಾಲೆಯ ಆಯಾ ಧೂಳು ಒರೆಸಲು ಬಂದಿದ್ದಳು. ಬಟ್ಟೆ ತಾಕಿದ್ದೇ ತಡ, ಉತ್ತರಾರ್ಧ ಮತ್ತೆ ನೆಲಕ್ಕೆ ಬಿತ್ತು. ಸದ್ದು ಕೇಳಿ ಹೆಡ್ ಮೇಡಂ ಬಂದರು. ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಬರುವ ಹೊತ್ತಿಗೆ ಅರ್ಧ ಭೂಮಿಯನ್ನು ಕೈಯಲ್ಲಿ ಹಿಡಿದು ಕಪ್ಪುಹಲಗೆಯ ಮುಂದೆ ನಿಂತಿದ್ದರು.

"ಇದು ನಮ್ಮಪ್ಪ ಈ ಶಾಲೆಗೆ ಕೊಟ್ಟ ಗ್ಲೋಬು. ಯಾರು ಒಡೆದ್ರಿ? ಹೇಳಿಬಿಟ್ರೆ ನಾನೇನೂ ಮಾಡಲ್ಲ."

ಏನೂ ಮಾಡಲ್ಲ ಎನ್ನುವ ದೊಡ್ಡವರು ಏನೇನು ಮಾಡಬಲ್ಲರು ಎಂಬುದು ಮಕ್ಕಳಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಮಕ್ಕಳು ಒಡೆದಿರಲಿಲ್ಲವಾದ್ದರಿಂದ ಸುಮ್ಮನಿದ್ದರು. ಮೇಷ್ಟ್ರು ಕೆಲಸ ಇನ್ನೂ ಕಾಯಂ ಆಗಿರಲಿಲ್ಲವಾದ್ದರಿಂದ ಸುಮ್ಮನಿದ್ದರು. ಮೂರು ವರ್ಷದಿಂದ ಅವರು ತಾತ್ಕಾಲಿಕ ಮೇಷ್ಟ್ರು. ಕಾಯಂ ಮಾಡುವ ಪತ್ರ ಈಗಷ್ಟೇ ಮೇಡಮ್ಮರ ಮೇಜಿಗೆ ಬಂದು ಸಹಿಗಾಗಿ ಕಾದು ಬಿದ್ದಿತ್ತು. ಸಂಜೆ ಮನೆಗೆ ಹೋದರೆ ಹೆಂಡತಿ ಚಪ್ಪಲಿ ಬಿಡಲೂ ಬಿಡದೆ "ಸಹಿ ಬಿತ್ತಾ?" ಎಂದು ಕೇಳುತ್ತಿದ್ದಳು.

"ಸರಿ ಹಾಗಾದ್ರೆ. ಒಡೆದವರು ಒಪ್ಪಿಕೊಳ್ಳೋವರೆಗೂ ಮೂರನೇ ಕ್ಲಾಸಿಗೆ ಆಟದ ಪೀರಿಯಡ್ ಇಲ್ಲ" ಎಂದು ಮೇಡಂ ಹೊರಟುಹೋದರು.

ಹೀಗೆ ಒಂಬತ್ತು ದಿನ ಕಳೆಯಿತು. ದಿನದ ಕೊನೆಯ ಪೀರಿಯಡ್ಡಿನಲ್ಲಿ ಉಳಿದ ತರಗತಿಗಳೆಲ್ಲ ಮೈದಾನದಲ್ಲಿ ಕಿರುಚುತ್ತಿದ್ದರೆ, ಮೂರನೇ ತರಗತಿಯವರು ಕೈಕಟ್ಟಿ ಕೂತು ಕಿಟಕಿ ನೋಡುತ್ತಿದ್ದರು. ಮೇಷ್ಟ್ರು ಗೋಡೆ ನೋಡುತ್ತಿದ್ದರು. ಸತ್ಯ ಬಾಯಲ್ಲಿ ಬಿಸಿತುಪ್ಪವಾಗಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಹತ್ತನೇ ದಿನ ಬೆಳಗ್ಗೆ ಮೇಡಂ ಒಂದು ಹಳೆಯ ಬಿಸ್ಕತ್ತಿನ ಡಬ್ಬ ತಂದು ಮೇಷ್ಟ್ರ ಕೈಗಿಟ್ಟರು.

"ನಿಮ್ಮ ಮಕ್ಕಳಿಗೆ ಗುಣ ಅನ್ನೋದೇ ಇಲ್ಲ ಮೇಷ್ಟ್ರೇ. ತರಬೇತೀಲಿ ನಮಗೆ ಒಂದು ಚಟುವಟಿಕೆ ಹೇಳಿಕೊಟ್ಟಿದ್ರು. ಇಪ್ಪತ್ತೈದು ಮಕ್ಕಳು, ಇಪ್ಪತ್ತೈದು ಚೀಟಿ, ಇಪ್ಪತ್ತೈದು ಗುಣ. ಬಂದದ್ದೇ ಮತ್ತೆ ಬರಬಾರದು ಅಂತ ಭಾನುವಾರ ಪೂರ್ತಿ ಕೂತು ನಾನೇ ಬರೆದಿದ್ದೀನಿ. ಯಾರಿಗೆ ಯಾವ ಗುಣ ಬರುತ್ತೋ ಅವರು ಇವತ್ತೆಲ್ಲ ಹಾಗೇ ನಡ್ಕೋಬೇಕು. ಕೊನೇ ಪೀರಿಯಡ್ಡಿಗೆ ನಾನು ಬರ್ತೀನಿ, ಚೀಟಿ ಗೋಡೆಗೆ ಅಂಟಿಸಿ ಏನು ಮಾಡಿದ್ರಿ ಅಂತ ಹೇಳಬೇಕು. ನೋಡ್ತಿರಿ, ಸಂಜೆಯೊಳಗೆ ಗ್ಲೋಬಿನ ಕಳ್ಳ ತಾನಾಗೇ ಹೊರಗೆ ಬರ್ತಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರು ಹೆಗಲ ಮೇಲಿದ್ದ ಸೀಮೆಸುಣ್ಣದ ಪುಡಿ ಕೊಡವಿಕೊಂಡರು.

ಡಬ್ಬ ಬೆಂಚಿನಿಂದ ಬೆಂಚಿಗೆ ಹೋಯಿತು. ಒಬ್ಬೊಬ್ಬರೇ ಎದ್ದು ತಮ್ಮ ಚೀಟಿ ಓದಿದರು. "ಸಹಾಯ!" ಎಂದಳು ಮೊದಲ ಬೆಂಚಿನ ಎರಡು ಜಡೆಯ ಹುಡುಗಿ. "ಶುಚಿತ್ವ!" ಎಂದ, ಅಂಗಿಯ ತೋಳಿನಲ್ಲೇ ಮೂಗು ಒರೆಸುವವನು. "ಸಮಯಪಾಲನೆ!" ಎಂದ, ದಿನಾ ತಡವಾಗಿ ಬರುವವನು. "ತ್ಯಾಗ" ಎಂದು ಅನುಮಾನದಿಂದ ಓದಿದವನು ಗುಂಡ.

"ತ್ಯಾಗ ಅಂದ್ರೇನು ಸಾರ್?"

"ಬೇರೆಯವರಿಗೋಸ್ಕರ ನಮ್ಮದನ್ನ ಬಿಟ್ಟುಕೊಡೋದು."

ಗುಂಡ ತನ್ನ ಊಟದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಕೊನೆಯ ಬೆಂಚಿನ ಕೊನೆಯವಳು ಆಮೇಲಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಏನು ಕೇಳಿದರೂ "ಆಮೇಲೆ ಹೇಳ್ತೀನಿ ಸಾರ್" ಎನ್ನುವ ಹುಡುಗಿಗೆ ಶಾಲೆ ಈ ಹೆಸರನ್ನೇ ಕೊಟ್ಟಿತ್ತು. ಅವಳು ತನ್ನ ಚೀಟಿ ಬಿಡಿಸುವ ಮೊದಲೇ ಎರಡು ಜಡೆಯವಳು ಡಬ್ಬದೊಳಗೆ ಇಣುಕಿ ಕೂಗಿದಳು: "ಸಾರ್, ಇನ್ನೊಂದು ಉಳಿದಿದೆ!"

ಶೀತವೆಂದು ಒಬ್ಬ ಹುಡುಗ ಬಂದಿರಲಿಲ್ಲ.

"ನೀವು ತಗೊಳ್ಳಿ ಸಾರ್! ನಿಮಗೂ ಗುಣ ಬೇಕಲ್ವಾ ಸಾರ್!"

ಮೇಷ್ಟ್ರು ನಗುತ್ತಲೇ ಚೀಟಿ ಬಿಡಿಸಿದರು. ಮೇಡಮ್ಮರ ದುಂಡಗಿನ ಕೈಬರಹದಲ್ಲಿ ಎರಡೇ ಅಕ್ಷರ ಇತ್ತು: ಸತ್ಯ.

ನಗು ಅರ್ಧಕ್ಕೇ ನಿಂತಿತು. ಇಪ್ಪತ್ನಾಲ್ಕು ಜೊತೆ ಕಣ್ಣುಗಳು ಅವರ ಬಾಯನ್ನೇ ನೋಡುತ್ತಿದ್ದವು. ಸ ಎಂಬ ಅಕ್ಷರ ಆಗಲೇ ನಾಲಿಗೆಯ ತುದಿ ದಾಟಿ ಆಚೆ ಬಂದಿತ್ತು. "ಸ... ಸಹನೆ" ಎಂದು ಹೇಗೋ ಮುಗಿಸಿ, ಚೀಟಿಯನ್ನು ಮಡಚಿ ಜೇಬಿಗೆ ತುರುಕಿದರು.

"ಸಹನೆ ಅಂದ್ರೇನು ಸಾರ್?"

"ಸಹನೆ ಅಂದ್ರೆ... ಸಿಟ್ಟು ಮಾಡ್ಕೊಳ್ದೆ ಕಾಯೋದು. ಎದುರಿಗಿರೋರು ತಪ್ಪು ಮಾಡಿದ್ರೂ, ಅವರಾಗೇ ಸರಿಹೋಗೋವರೆಗೂ ಸುಮ್ಮನೆ ಕಾಯೋದು." ಆ ವಿವರಣೆ ಅವರಿಗೇ ಹಿಡಿಸಿತು. ಅದೇ ಹುರುಪಿನಲ್ಲಿ ಕೊನೆಯ ಬೆಂಚಿಗೆ ತಿರುಗಿದರು. "ನಿಂದೇನಮ್ಮ?"

ಆಮೇಲಮ್ಮ ಚೀಟಿ ಬಿಡಿಸಿ ನೋಡಿದಳು, ಮತ್ತೆ ಮಡಚಿದಳು. "ಆಮೇಲೆ ಹೇಳ್ತೀನಿ ಸಾರ್."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

ಇಷ್ಟೊಂದು ಗುಣಗಳು ಒಂದೇ ಕೋಣೆಗೆ ಬಂದರೆ ಏನಾಗುತ್ತದೆಂದು ತಿಳಿಯಲು ಅರ್ಧ ಗಂಟೆ ಸಾಕಾಯಿತು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಯುತ್ತ ಬಲಕ್ಕೆ ಹೋದಂತೆ ಸಹಾಯ ಅವರ ಹಿಂದೆಯೇ ಎಡದಿಂದ ಒರೆಸುತ್ತ ಬಂದಳು. ಸಮಯಪಾಲನೆ ಐದು ನಿಮಿಷಕ್ಕೊಮ್ಮೆ ಎದ್ದು ಗಂಟೆ ಎಷ್ಟೆಂದು ಸಾರಿದ. ಶುಚಿತ್ವ ಎಲ್ಲೂ ಕಾಣದಿದ್ದಾಗ ಮೇಷ್ಟ್ರು ಹುಡುಕಿಕೊಂಡು ಹೋದರೆ, ಹುಡುಗ ನಲ್ಲಿಯ ಕೆಳಗೆ ಹಾಜರಿ ಪುಸ್ತಕ ತೊಳೆಯುತ್ತಿದ್ದ.

"ತುಂಬಾ ಇಂಕಿನ ಕಲೆ ಇತ್ತು ಸಾರ್. ಈಗ ಒಂದೂ ಇಲ್ಲ."

ನಿಜಕ್ಕೂ ಒಂದೂ ಇರಲಿಲ್ಲ. ಜೂನ್ ತಿಂಗಳಿನಿಂದ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದೆಲ್ಲ ನೀಲಿ ನೀರಾಗಿ ಚರಂಡಿ ಸೇರಿತ್ತು. ಮೇಷ್ಟ್ರ ಕೈ ಮೇಲೆದ್ದಿತು. ಕೂಡಲೇ ಬಾಗಿಲಲ್ಲಿ ನಾಲ್ಕೈದು ತಲೆಗಳು ಕಾಣಿಸಿದವು. "ಸಹನೆ ಸಾರ್, ಸಹನೆ!" ಮೇಲೆದ್ದ ಕೈಯಿಂದ ಮೇಷ್ಟ್ರು ತಮ್ಮ ತಲೆಯನ್ನೇ ಕೆರೆದುಕೊಂಡರು.

ಸುದ್ದಿ ಮೇಷ್ಟ್ರುಗಳ ಕೋಣೆಗೂ ಮುಟ್ಟಿತು. ಡ್ರಿಲ್ ಮೇಷ್ಟ್ರು ಬಂದು ಬೆನ್ನು ತಟ್ಟಿದರು. "ನಿಮಗೆ ಇವತ್ತು ಸಹನೆಯಂತೆ? ಹಾಗಾದ್ರೆ ನನ್ನ ನಾಲ್ಕನೇ ಕ್ಲಾಸನ್ನೂ ಸ್ವಲ್ಪ ನೋಡ್ಕೊಂಬಿಡಿ. ಸೊಂಟ ಹಿಡ್ಕೊಂಡಿದೆ." ಹೀಗೆಂದವರು ಎರಡೆರಡು ಮೆಟ್ಟಿಲು ಹಾರಿ ಇಳಿದು ಹೋದರು. ಊಟದ ಹೊತ್ತಿಗೆ ಸಂಗೀತದ ಟೀಚರ್ ಎದುರು ಕೂತು, ತಾವೇ ಬರೆದ ಹದಿನಾರು ನುಡಿಯ ಶಾಲಾಗೀತೆಯನ್ನು ಹಾಡಿದರು. ಕೊನೆಗೆ "ನಿಧಾನವಾಗಿ ಇನ್ನೊಂದು ಸಲ ಕೇಳಿ, ಒಂಬತ್ತನೇ ನುಡಿಯಲ್ಲಿ ಎಲ್ಲೋ ತಪ್ಪಿದೆ" ಎಂದು ಮೊದಲಿನಿಂದ ಶುರು ಮಾಡಿದರು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಎನ್ನುತ್ತಾರೆ. ಮೇಷ್ಟ್ರ ಪಾಲಿಗೆ ಒಂದು ಸುಳ್ಳಿಗೆ ನೂರು ಸಹಿಸುವುದು ಬಂತು. ಆದರೂ ಒಳಗೊಳಗೇ ಸಮಾಧಾನವಿತ್ತು. ಸಂಜೆಯವರೆಗೆ ಹಲ್ಲು ಕಚ್ಚಿ ಕಳೆದರೆ ಸಾಕು, ನಾಳೆಗೆ ಈ ಗುಣಗಳೆಲ್ಲ ಗೋಡೆಗೆ ಹೋಗುತ್ತವೆ.

ಊಟದ ಗಂಟೆ ಮುಗಿಯುತ್ತಿದ್ದಂತೆ ಆಯಾ ಬಂದಳು. "ಮೇಡಂ ಕರೀತಾರೆ. ಗ್ಲೋಬು ಒಡೆದೋರು ಸಿಕ್ಕಿದ್ರಂತೆ."

ಮೇಷ್ಟ್ರ ಕಾಲು ನೆಲಕ್ಕೆ ಅಂಟಿಕೊಂಡಿತು. ಹೇಗೋ ಕಿತ್ತುಕೊಂಡು ಹೋದರೆ, ಮೇಡಮ್ಮರ ಮೇಜಿನ ಮುಂದೆ ಗುಂಡ ನಿಂತಿದ್ದ.

"ಹೇಳೋ ಇನ್ನೊಂದು ಸಲ" ಎಂದರು ಮೇಡಂ.

"ನಾನೇ ಮೇಡಂ ಒಡೆದಿದ್ದು."

"ಹೇಗೆ?"

"ಕೈಯಿಂದ."

ಬೀರು ಅವನ ಎರಡರಷ್ಟು ಎತ್ತರವಿತ್ತು. ಆದರೆ ಒಂಬತ್ತು ದಿನದಿಂದ ಕಾದಿದ್ದ ಮೇಡಮ್ಮರಿಗೆ ಬೀರುವಿನ ಎತ್ತರ ಅಳೆಯುವ ವ್ಯವಧಾನವಿರಲಿಲ್ಲ. "ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ" ಎಂದರು.

ಮೊಗಸಾಲೆಗೆ ಬಂದ ಮೇಲೆ ಮೇಷ್ಟ್ರು ಅವನ ಮುಂದೆ ಬಗ್ಗಿ ಕೂತರು. "ಯಾಕೋ ಹಾಗೆ ಹೇಳಿದೆ? ನೀನು ಒಡೆದಿಲ್ಲ."

"ತ್ಯಾಗ ಸಾರ್. ಊಟದ ಡಬ್ಬಿ ಕೊಡೋಣ ಅಂತಿದ್ದೆ, ತುಂಬಾ ಹಸಿವಾಗಿಬಿಡ್ತು. ಕೊಡೋಕೆ ಬೇರೇನೂ ಇರ್ಲಿಲ್ಲ. ಈಗ ಎಲ್ರಿಗೂ ಆಟ ಸಿಗುತ್ತಲ್ಲ ಸಾರ್."

"ಅಪ್ಪ ಬೈಯಲ್ವೇನೋ?"

"ಬೈತಾರೆ. ಹೊಡೀತಾರೆ ಕೂಡ." ಸ್ವಲ್ಪ ಯೋಚಿಸಿ ಸೇರಿಸಿದ: "ಅದು ನಾಳೆ ಅಲ್ವಾ ಸಾರ್."

ಮೇಷ್ಟ್ರಿಗೆ ನಾಚಿಕೆಯಾಯಿತು. ಮೂವತ್ನಾಲ್ಕು ವರ್ಷದ ತಮ್ಮ ಎದೆಯಲ್ಲಿ ಇಲ್ಲದ್ದು ಎಂಟು ವರ್ಷದ ಈ ಹುಡುಗನಲ್ಲಿ ಇತ್ತು. ತಟ್ಟನೆ ಎದ್ದು ಮೇಡಮ್ಮರ ಬಾಗಿಲಿಗೆ ಹೋದರು. ಸಂದಿಯಿಂದ ಮೇಜು ಕಂಡಿತು. ಮೇಜಿನ ಮೇಲೆ ಪತ್ರ, ಪತ್ರದ ಮೇಲೆ ಮೇಡಮ್ಮರ ಪೆನ್ನು, ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು.

"ಏನು ಮೇಷ್ಟ್ರೇ?"

"ಏನಿಲ್ಲ ಮೇಡಂ. ಆಮೇಲೆ ಹೇಳ್ತೀನಿ."

ಕೊನೆಯ ಪೀರಿಯಡ್ಡಿಗೆ ಮೇಡಂ ಬಂದು ಮೇಷ್ಟ್ರ ಕುರ್ಚಿಯಲ್ಲೇ ಕೂತರು. ಒಡೆದ ಗ್ಲೋಬನ್ನೂ ತಂದು ಮೇಜಿನ ಮೇಲಿಟ್ಟರು, ಗುಂಡ ಎಲ್ಲರೆದುರು ಕ್ಷಮೆ ಕೇಳಲೆಂದು. ಮಕ್ಕಳು ಒಬ್ಬೊಬ್ಬರೇ ಬಂದು ಗೋಡೆಗೆ ಚೀಟಿ ಅಂಟಿಸಿ, ಮಾಡಿದ ಘನಕಾರ್ಯ ಹೇಳಿದರು. ಹಾಜರಿ ಪುಸ್ತಕದ ಕತೆ ಕೇಳಿ ಮೇಡಂ ಕಣ್ಣು ಮುಚ್ಚಿಕೊಂಡರು. ಇಪ್ಪತ್ಮೂರು ಚೀಟಿಗಳಾದವು.

"ನಿಮಗೂ ಒಂದು ಬಂತಂತಲ್ಲ ಮೇಷ್ಟ್ರೇ? ಸಹನೆಯಂತೆ. ಇಡೀ ಶಾಲೆ ಅದೇ ಮಾತಾಡ್ತಿದೆ. ಅಂಟಿಸಿ ಮತ್ತೆ."

ಮೇಷ್ಟ್ರು ಜೇಬು ಮುಟ್ಟಿ ನೋಡಿಕೊಂಡರು. "ಎಲ್ಲೋ ಬಿದ್ದುಹೋಯ್ತು ಮೇಡಂ."

ಆಗ ಕೊನೆಯ ಬೆಂಚಿನಿಂದ ಆಮೇಲಮ್ಮ ಎದ್ದು ಬಂದಳು. ಚೀಟಿಗೆ ಅಂಟು ಹಚ್ಚಿದಳು, ಗೋಡೆಗೆ ಒತ್ತಿದಳು, ಅಂಗೈಯಿಂದ ಸವರಿ ನೇರ ಮಾಡಿದಳು. ಮೇಡಂ ಕನ್ನಡಕ ಹಾಕಿಕೊಂಡು ಓದಿದರು. "ಸಹನೆ." ಇನ್ನೊಮ್ಮೆ ಓದಿದರು. "ಸಹನೆ ನಾನು ಒಂದೇ ಬರೆದಿದ್ದು."

ಮೇಡಂ ಹುಡುಗಿಯ ಕಡೆ ತಿರುಗಿದರು.

"ನೀನೇನು ಮಾಡಿದೆ ಮಗು, ಇದನ್ನಿಟ್ಕೊಂಡು?"

"ಕಾಯ್ತಾ ಇದ್ದೆ ಮೇಡಂ" ಎಂದಳು ಆಮೇಲಮ್ಮ. "ಎದುರಿಗಿರೋರು ಅವರಾಗೇ ಸರಿಹೋಗೋವರೆಗೂ ಕಾಯೋದೇ ಸಹನೆ ಅಂತ ಸಾರ್ ಹೇಳಿದ್ರು. ಬೆಳಗ್ಗೆಯಿಂದ ಕಾಯ್ತಾ ಇದ್ದೀನಿ."

ಮೇಷ್ಟ್ರು ಗೋಡೆ ನೋಡಿದರು. ಈ ಸಲ ಗೋಡೆಯೂ ಅವರ ಕೈಬಿಟ್ಟಿತ್ತು, ತುಂಬ ಬರೀ ಗುಣಗಳು. ಜೇಬಿನಿಂದ ಬೆವರಿಗೆ ಮೆತ್ತಗಾಗಿದ್ದ ಚೀಟಿ ತೆಗೆದು ಮೇಡಮ್ಮರ ಮುಂದೆ ಬಿಡಿಸಿಟ್ಟು, "ಸತ್ಯ" ಎಂದು ಓದಿದರು.

"ಗ್ಲೋಬು ಒಡೆದಿದ್ದು ನಾನು ಮೇಡಂ. ನಕ್ಷೆ ಎಳೆಯುವಾಗ ಬಿತ್ತು."

ಮೇಡಂ ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಗುಂಡನ ಕಡೆ ತಿರುಗಿದರು. "ಹಾಗಾದ್ರೆ ನೀನು ನನ್ನ ಹತ್ರ ಸುಳ್ಳು ಹೇಳಿದೆಯೇನೋ?"

"ಸತ್ಯ ನನ್ನ ಚೀಟಿ ಅಲ್ವಲ್ಲ ಮೇಡಂ" ಎಂದ ಗುಂಡ. "ಅದು ಸಾರ್‌ದು."

ಮೇಡಮ್ಮರ ಬಾಯಿಯ ಒಂದು ಮೂಲೆ ಅಲುಗಿತು. ಅಷ್ಟರಲ್ಲಿ ಸಮಯಪಾಲನೆ ಎದ್ದು ನಿಂತ. "ಆಟಕ್ಕೆ ಇನ್ನೂ ಹದಿನೇಳು ನಿಮಿಷ ಇದೆ ಮೇಡಂ!"

"ಹೋಗಿ" ಎಂದರು ಮೇಡಂ. ಕಟ್ಟೆ ಒಡೆದ ನೀರಿನಂತೆ ಮಕ್ಕಳು ಬಾಗಿಲಿನಿಂದ ಹೊರಗೆ ನುಗ್ಗಿದರು.

ಮೇಡಂ ಎದ್ದು ಒಂದೊಂದು ಕೈಯಲ್ಲಿ ಒಂದೊಂದು ಅರ್ಧಗೋಳ ಎತ್ತಿಕೊಂಡರು. "ಒಂಬತ್ತು ದಿನ ಮಕ್ಕಳನ್ನ ಕೂರಿಸಿದ್ರಿ. ನಾಳೆಯಿಂದ ಒಂಬತ್ತು ದಿನ ಕೊನೇ ಪೀರಿಯಡ್ಡು ನೀವು ಇಲ್ಲೇ ಕೈಕಟ್ಟಿ ಕೂತ್ಕೊಳ್ಳಿ. ಹಾಗೇ ಇದನ್ನೂ ಅಂಟಿಸಿ ಕೊಡಿ."

"ಮತ್ತೆ... ಆ ಪತ್ರ ಮೇಡಂ?"

"ಕಾಯಂ ಮಾಡೋ ಪತ್ರಾನಾ? ಹೇಗೂ ಒಂದು ದಿನ ಸಹನೆ ಅಭ್ಯಾಸ ಮಾಡಿದ್ದೀರಲ್ಲ. ಕಾಯಂ ಆಗೋಕೆ ಇನ್ನೊಂದು ವರ್ಷ ಕಾಯಿರಿ."

ಮೇಡಂ ಹೊರಟರು. ಅರ್ಧ ದಾರಿಯಲ್ಲಿ ನೆನಪಾಗಿ ವಾಪಸು ಬಂದು, ಭೂಮಿಯ ಎರಡೂ ಭಾಗಗಳನ್ನು ಅಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರ ತೊಡೆಯ ಮೇಲಿಟ್ಟು ಹೋದರು.

ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿರುತ್ತಾಳೆ. ಅವಳಿಗೆ ಏನು ಹೇಳುವುದೆಂದು ಲೆಕ್ಕ ಹಾಕುತ್ತ ಕೂತಿದ್ದ ಮೇಷ್ಟ್ರಿಗೆ ಕೋಣೆಯಲ್ಲಿ ತಾವೊಬ್ಬರೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಆಮೇಲಮ್ಮ ಕೊನೆಯ ಬೆಂಚಿನಲ್ಲಿ ಕೂತು ಕಾಲು ಆಡಿಸುತ್ತಿದ್ದಳು.

"ನೀನ್ಯಾಕಮ್ಮ ಆಟಕ್ಕೆ ಹೋಗ್ಲಿಲ್ಲ? ಎಲ್ಲ ಹೇಳಾಯ್ತಲ್ಲ."

"ಮೇಡಂಗೆ ಹೇಳಿದ್ರಿ ಸಾರ್. ನಮ್ಮ ಹತ್ರ ಇನ್ನೂ ಕ್ಷಮೆ ಕೇಳಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಪರವಾಗಿಲ್ಲ ಸಾರ್. ಬೆಲ್ ಹೊಡೆಯೋವರೆಗೂ ಸಹನೆ ನನ್ನದೇ. ಕಾಯ್ತೀನಿ."

ಮೇಷ್ಟ್ರ ಬಾಯಿಗೆ ಮೊದಲು ಬಂದದ್ದು ಆಮೇಲೆ ಎಂಬ ಮಾತು. ಅದನ್ನು ಅಲ್ಲೇ ನುಂಗಿ, ಭೂಮಿಯನ್ನು ಮೇಜಿನ ಮೇಲಿಟ್ಟು, ಬೆಂಚಿನಿಂದ ಎದ್ದ ಅವಳ ಹಿಂದೆ ಮಕ್ಕಳಿದ್ದ ಮೈದಾನಕ್ಕೆ ನಡೆದರು.