ದಾಸ್ತಾನಿನಲ್ಲಿ ಉಳಿದಿದ್ದ ಒಂದೇ ಪದ

ನೀರು ಸರಬರಾಜು ಕಚೇರಿಯಲ್ಲಿ ಇಂಗ್ಲಿಷ್ ಅಭ್ಯಾಸ ಕಡ್ಡಾಯವಾಗಿ ಮೂರು ತಿಂಗಳಾಗಿತ್ತು. ಪದಗಳು ಪೋಲಾಗಬಾರದೆಂದು ಅವನ್ನೆಲ್ಲ ಚೀಟಿಗಳಲ್ಲಿ ಬರೆದು ಉಗ್ರಾಣದಲ್ಲಿಟ್ಟು ಬೀಗ ಹಾಕಲಾಗಿತ್ತು. ಬೇಕಾದವರು ಸಹಿ ಮಾಡಿ ಒಯ್ಯಬೇಕು. ಬಳಸಿದ ಮೇಲೆ ಮಡಚದೆ, ಎಣ್ಣೆ ಕಲೆ ಮಾಡದೆ ಹಿಂದಿರುಗಿಸಬೇಕು. ಒಬ್ಬರ ಬಳಿ ಇರುವ ಪದವನ್ನು ಇನ್ನೊಬ್ಬರು ಆಡತಕ್ಕದ್ದಲ್ಲ. ದೂರು ಕೊಡುವ ಸಾರ್ವಜನಿಕರಿಗೂ ಇದೇ ನಿಯಮ.

ಇದೊಂದೂ ಗೊತ್ತಿಲ್ಲದ ಟೈಲರಮ್ಮ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಮನೆಯ ನಲ್ಲಿ ಒಣಗಿ ಒಂಬತ್ತು ದಿನ. ಕೂಸಿನ ಬಟ್ಟೆ ಬಚ್ಚಲಲ್ಲಿ ಗುಡ್ಡೆ ಬಿದ್ದಿತ್ತು. ಅತ್ತೆ ಮೂಗು ಮುಚ್ಚಿಕೊಂಡೇ ಬೈಯುವುದನ್ನು ಕಲಿತಿದ್ದರು.

"ಅಣ್ಣಾ, ನಮ್ಮ ಬೀದಿ ಪೈಪು ಒಡೆದಿದೆ."

ಗುಮಾಸ್ತ ಗಾಬರಿಯಿಂದ ಸುತ್ತ ನೋಡಿದ. "ಮೆತ್ತಗೆ ಅನ್ನಮ್ಮ! 'ಪೈಪ್' ಮ್ಯಾನೇಜರ್ ಸಾಹೇಬರ ಹತ್ರ ಇದೆ. ರಜೆ ಮೇಲೆ ಹೋಗೋವಾಗ ಜೇಬಲ್ಲೇ ಒಯ್ದುಬಿಟ್ಟಿದ್ದಾರೆ."

"ಹೋಗ್ಲಿ, ರಿಪೇರಿ ಅಂತ ಬರ್ಕೊಳ್ಳಿ."

"ಅದು ಮೇಲಿನ ಮಹಡೀಲಿದೆ. ನಾಲ್ಕು ಜನ ಸರದಿ ಮೇಲೆ ಅಭ್ಯಾಸ ಮಾಡ್ತಿದ್ದಾರೆ."

"ವಾಟರ್?"

"ನೆನೆದು ಹಾಳಾಯ್ತು. ಹೊಸದಕ್ಕೆ ಬರೆದಿದ್ದೇವೆ."

ಉಗ್ರಾಣದವನು ಒಳಗೆ ಕರೆದು ತೋರಿಸಿದ. ಪದದ ಮೊದಲಿಗೆ ಅಂಟಿಸುವ 'ಅನ್', 'ರೀ' ತುಂಡುಗಳು ಒಂದು ಡಬ್ಬಿಯಲ್ಲಿ, ಕೊನೆಗೆ ಅಂಟಿಸುವ 'ಇಂಗ್', 'ನೆಸ್' ಇನ್ನೊಂದರಲ್ಲಿ. ನುಡಿಗಟ್ಟುಗಳು ಗೋಡೆಗೆ ಒರಗಿದ್ದವು. ಒಂದನ್ನು ಎತ್ತಲು ಇಬ್ಬರು ನೌಕರರೂ ಮೇಲಧಿಕಾರಿಯ ಸಹಿಯೂ ಬೇಕಿತ್ತು.

"ಇಡೀ ಪದ ಅಂತ ಉಳಿದಿರೋದು ಇದೊಂದೇ ತಾಯಿ. 'ಕ್ರೊಕೊಡೈಲ್'. ಯಾರೂ ಮುಟ್ಟಿಲ್ಲ."

"ಹಂಗಂದ್ರೆ?"

"ಮೊಸಳೆ."

ಟೈಲರಮ್ಮ ಕೂಸಿನ ಮೈಮೇಲಿದ್ದ ಕೊನೆಯ ಒಗೆದ ಅಂಗಿಯನ್ನು ನೋಡಿದಳು. "ಕೊಡಿ. ನಮ್ಮ ನಲ್ಲೀಲಿ ಕೂತಿರೋದು ಅದೇ."

ಹಿಂದೆಯೇ ಬಂದಿದ್ದ ಗುಮಾಸ್ತ ಪೆನ್ನು ತೆಗೆದ. "ಏಕವಚನವೋ, ಬಹುವಚನವೋ?"

"ಒಂದು ಸಾಕಪ್ಪಾ. ನಮ್ಮದು ಸಣ್ಣ ಮನೆ."

ಮಧ್ಯಾಹ್ನದೊಳಗೆ ಹನ್ನೊಂದು ಜನ ಬಲೆ, ಏಣಿ, ಸೀಟಿಗಳೊಂದಿಗೆ ಬಂದಿಳಿದರು. ಒಂಬತ್ತು ದಿನ ಹನಿ ನೀರಿಗೆ ಗತಿಯಿಲ್ಲದ ಬೀದಿಯನ್ನು ಒಂದೇ ಗಂಟೆಯಲ್ಲಿ ಅಗೆದು ಹಾಕಿದರು. ಮೊಸಳೆ ಇರಲಿಲ್ಲ. ಆದರೆ ವರದಿಯಲ್ಲಿ 'ಇಲ್ಲ' ಎಂದು ಬರೆಯಲು ಬೇಕಾದ ಪದವನ್ನು ನಿರ್ದೇಶಕರು ಸ್ವಂತ ಬಳಕೆಗೆ ಇಟ್ಟುಕೊಂಡಿದ್ದರಿಂದ, ಸಿಕ್ಕಿದೆ ಎಂದೇ ಬರೆಯಲಾಯಿತು. ಪೈಪಿನ ತುಕ್ಕಿನ ತೂತುಗಳನ್ನು ಎಂಜಿನಿಯರು ಬೆರಳಿಟ್ಟು ಪರೀಕ್ಷಿಸಿ, ಹಲ್ಲಿನ ಗುರುತೆಂದು ಪ್ರಮಾಣೀಕರಿಸಿದರು. ಮೊಸಳೆ ಕಚ್ಚಿದ ಪೈಪನ್ನು ಅಲ್ಲೇ ಬಿಡಲು ನಿಯಮವಿರಲಿಲ್ಲ. ಹೊಸದು ಹಾಕಿದರು. ಸಂಜೆ ನಲ್ಲಿ ಕೆಮ್ಮಿತು, ಆಮೇಲೆ ಭರ್ರೋ ಎಂದು ಸುರಿಯಿತು.

ಅತ್ತೆ ಬಕೆಟ್ಟು ಒಡ್ಡಿ ನಿಂತರು. "ಎಷ್ಟುದ್ದ ಇತ್ತಂತೆ?"

"ನೀವು ಒಗೀರಿ ಅತ್ತೆ. ಆಮೇಲೆ ಹೇಳ್ತೀನಿ."

ಮರುದಿನ ಟೈಲರಮ್ಮ ಚೀಟಿಗೆ ಇಸ್ತ್ರಿ ಹಾಕಿ ಹಿಂದಿರುಗಿಸಲು ಹೊರಟಳು. ಕಚೇರಿಯ ಗೇಟಿನಿಂದ ಬೀದಿ ತಿರುವಿನವರೆಗೆ ಸಾಲು ನಿಂತಿತ್ತು. ಗೋಡೆಯ ಮೇಲೆ ಹೊಸ ಪ್ರಕಟಣೆ: "ಸಾರ್ವಜನಿಕರು ಮೊಸಳೆಯನ್ನು ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳತಕ್ಕದ್ದಲ್ಲ."

ಸಾಲಿನ ಮೊದಲಲ್ಲೇ ನಿಂತಿದ್ದ ಎದುರುಮನೆಯಾಕೆ ಕೈ ಚಾಚಿದಳು. "ಮುಗೀತೇನೇ ನಿಂದು? ಬೇಗ ತಾ, ನಮ್ಮ ಮೋರಿ ಕಟ್ಟಿಕೊಂಡು ವಾರವಾಯ್ತು."

"ಮಡಚಬೇಡಿ ಅಕ್ಕಾ," ಎಂದಳು ಟೈಲರಮ್ಮ. "ಒಂದೇ ಅಂತ ಬರೆಸಿ. ಹೆಚ್ಚಾದ್ರೆ ಮನೇಲಿ ಜಾಗ ಸಾಲಲ್ಲ."