ಬೋಳು ಹಣೆಯ ಮುತ್ತೈದೆ

ತುರಿಕೆಯಷ್ಟು ಮರ್ಯಾದೆಗೆಟ್ಟ ಕಾಯಿಲೆ ಇನ್ನೊಂದಿಲ್ಲ. ಜ್ವರ ಬಂದವರಿಗೆ ಗಂಜಿ ಕೊಡುತ್ತಾರೆ, ಕಾಲು ಮುರಿದವರನ್ನು ನೋಡಲಿಕ್ಕೆ ಬರುತ್ತಾರೆ. ತುರಿಸಿಕೊಳ್ಳುವವರನ್ನು ಕಂಡರೆ ಮಾತ್ರ ಚಾಪೆ ಎಳೆದುಕೊಂಡು ಆಚೆ ಕೂರುತ್ತಾರೆ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಚಂದ ಮಾಡಿ ಬರೆಯಲಿಕ್ಕೆ ಬರುವುದಿಲ್ಲ. ತುರಿಕೆಯ ವಿಷಯಕ್ಕೆ ಚಂದ ಬೇಕಾಗಿಯೂ ಇಲ್ಲ.

ನನ್ನದು ಹಣೆಯ ತುರಿಕೆ. ಎರಡು ಹುಬ್ಬಿನ ನಡುವೆ, ಸರಿಯಾಗಿ ಕುಂಕುಮ ಇಡುವ ಜಾಗದಲ್ಲಿ. ಆಗ ಯಲ್ಲಾಪುರದ ಪೇಟೆಗೆ ಸ್ಟಿಕ್ಕರ್ ಬೊಟ್ಟು ಹೊಸತಾಗಿ ಬಂದಿತ್ತು. ಬೆವರಿಗೆ ಇಳಿಯುವುದಿಲ್ಲ, ಮೂಗಿನ ಮೇಲೆ ಉದುರುವುದಿಲ್ಲ, ಸ್ನಾನಕ್ಕೆ ಹೋಗುವಾಗ ಬಚ್ಚಲ ಗೋಡೆಗೆ ಅಂಟಿಸಿದರೆ ಬರುವಾಗ ಮತ್ತೆ ಹಣೆಗೆ. ಅದರ ಕೆಳಗೆ ಚರ್ಮ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ನೀರು ಒಸರಿತು. ಯಾರಿಗೂ ಕಾಣಬಾರದು ಅಂತ ಸ್ವಲ್ಪ ದೊಡ್ಡ ಬೊಟ್ಟು ಕೊಂಡೆ. ಹುಣ್ಣು ಬೊಟ್ಟಿಗಿಂತ ದೊಡ್ಡದಾಯಿತು. ನಾನು ಇನ್ನೂ ದೊಡ್ಡ ಬೊಟ್ಟು ಕೊಂಡೆ. ಹೀಗೆ ನಾನೂ ಹುಣ್ಣೂ ಪೈಪೋಟಿಗೆ ಬಿದ್ದು, ಕೊನೆಗೆ ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಬೊಟ್ಟು ಇಲ್ಲ ಅನ್ನುವ ಹಂತಕ್ಕೆ ಬಂದೆ.

ನಮ್ಮ ಮನೆಯವರ ಅಕ್ಕ, ಅಂದರೆ ನನ್ನ ಅತ್ತಿಗೆ, ಇಡಗುಂದಿಯಿಂದ ಬಂದು ನೋಡಿ ನಾಗದೋಷ ಅಂದರು. ನಾಗರಕಲ್ಲಿಗೆ ಹಾಲೆರೆದೆವು. ಪಕ್ಕದ ಮನೆಯವಳು ಬದನೆಕಾಯಿಯ ನಂಜು ಅಂದಳು. ಬದನೆ ಬಿಟ್ಟೆ. ನಾನು ಬಿಟ್ಟ ಮೇಲೆ ಮನೆಯವರಿಗೆ ಬೇರೆ ಪಲ್ಯ ಯಾರು ಮಾಡುತ್ತಾರೆ, ಅವರಿಗೂ ತಪ್ಪಿತು. ಬಸ್ ಸ್ಟ್ಯಾಂಡಿನ ಹತ್ತಿರ ಅವರದು ಸೈಕಲ್ ರಿಪೇರಿ ಅಂಗಡಿ. ಒಂದು ದಿನ ಅಂಗಡಿಯಿಂದ ಬಂದವರೇ ಹೇಳಿದರು, "ನಾಗಪ್ಪನಿಗೆ ಹಾಲು ಸಿಕ್ತು, ನನಗೆ ಬದನೆ ತಪ್ಪಿತು, ನಿನ್ನ ಹಣೆ ಮಾತ್ರ ಹಾಂಗೇ ಅದೆ. ನಡಿ ಹುಬ್ಬಳ್ಳಿಗೆ."

ಹುಬ್ಬಳ್ಳಿಯ ಚರ್ಮದ ಡಾಕ್ಟರು ಮೈಗೆ ಮುಟ್ಟಿಸುವ ಸಾಮಾನನ್ನೆಲ್ಲ ತರಲಿಕ್ಕೆ ಹೇಳಿದರು. ಮುಂದಿನ ಸಲ ಇವರು ಚೀಲದಲ್ಲಿ ಸಾಬೂನು, ತಲೆಗೆಣ್ಣೆ, ಕುಂಕುಮ, ಅರಿಶಿನ, ಬೊಟ್ಟಿನ ಹಾಳೆ ಎಲ್ಲ ತುಂಬಿ, ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ ಟ್ಯೂಬನ್ನೂ ಹಾಕಿಕೊಂಡು ಬಂದಿದ್ದರು.

"ಇದೇನ್ರೀ ಯಜಮಾನ್ರ, ಇದನ್ನೂ ಹಚ್ಚತಾರೇನು ಅಮ್ಮಾರು?"

"ಇಲ್ಲ ಡಾಕ್ಟ್ರೇ. ನನ್ನ ಕೈಯಾಗೆ ದಿನಾ ಇರ್ತದೆ. ನನ್ನಿಂದ ಏನಾದ್ರೂ ತಾಗಿದ್ರೆ ಗೊತ್ತಾಗಲಿ ಅಂತ."

ಡಾಕ್ಟರು ಟ್ಯೂಬನ್ನು ಅವರ ಕೈಗೇ ವಾಪಸು ಕೊಟ್ಟು, ಉಳಿದದ್ದರಲ್ಲಿ ಒಂದೊಂದು ಚೂರನ್ನು ನನ್ನ ಬೆನ್ನಿಗೆ ಸಾಲಾಗಿ ಪಟ್ಟಿ ಹಾಕಿ ಅಂಟಿಸಿದರು. ನೀರು ತಾಗಿಸಬಾರದು, ತುರಿಸಬಾರದು. ಬೆನ್ನು ನನ್ನದು, ನೋಡುವ ಅಧಿಕಾರ ಮಾತ್ರ ಇವರದು. "ಬೊಟ್ಟು ಪಾಸೋ ಫೇಲೋ ನೋಡಿ" ಅಂದರೆ, "ಪೇಪರ್ ತಿದ್ದೋದು ಡಾಕ್ಟರು ಮಾರಾಯ್ತಿ, ನಾನು ಬರೀ ಕಾವಲು" ಅನ್ನುತ್ತಿದ್ದರು.

ಪಟ್ಟಿ ಬಿಚ್ಚಿದಾಗ ಬೊಟ್ಟಿನ ಜಾಗ ಬೆಂಕಿ ತಾಗಿದ ಹಾಗಿತ್ತಂತೆ. ಕುಂಕುಮದ್ದೂ ಅರಿಶಿನದ್ದೂ ಕೆಂಪು. ಸಾಬೂನು, ಎಣ್ಣೆ ನಿರಪರಾಧಿಗಳು. ಬದನೆಯ ತಪ್ಪೇ ಇಲ್ಲ. "ಹಣಿಗೆ ಏನೂ ಹಚ್ಚಬ್ಯಾಡ್ರಿ" ಅಂದರು ಡಾಕ್ಟರು. ಎಷ್ಟು ದಿನ ಅಂತ ಕೇಳಿದೆ. "ಇರೋತನಕ" ಅಂದರು.

ಹಣೆ ವಾಸಿಯಾಯಿತು. ಊರಿಗೆ ತುರಿಕೆ ಹತ್ತಿತು. ಮುತ್ತೈದೆ ಹಣೆ ಬೋಳು ಬಿಟ್ಟರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅತ್ತಿಗೆ ಬಂದು ಅತ್ತರು. "ಅಕ್ಕಾ, ನನ್ನ ಆಯುಷ್ಯ ಇವಳ ಹಣೆಗೆ ಅಂಟಿಸಿದ್ದಾಗಿದ್ರೆ ಬಚ್ಚಲ ಗೋಡೆಯಲ್ಲೇ ಎಷ್ಟೋ ಸಲ ಉಳಿದು ಹೋಗ್ತಿತ್ತು" ಅಂದರು ಇವರು. ಒಂದು ಮದುವೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದ ಹುಡುಗಿ ನನ್ನ ಹಣೆ ನೋಡಿ ದಾಟಿ ಹೋದಳು. ಎದುರಿನ ಪಂಕ್ತಿಯಿಂದ ಇವರು ಕೂಗಿ ಹೇಳಿದರು, "ತಂಗೀ, ನಾನಿನ್ನೂ ಇದ್ದೇನೆ. ಪಾಯಸ ಉಣ್ತಾ ಇದ್ದೇನೆ." ಎಲ್ಲರೂ ನಕ್ಕರು. ನಾನು ಆಮೇಲೆ ಮದುವೆಗಳಿಗೆ ಹೋಗುವುದನ್ನು ಬಿಟ್ಟೆ.

ಮರುವರ್ಷ ಇವರು ಅಂಗಡಿಯಲ್ಲಿ ಒಂದು ಚಕ್ರಕ್ಕೆ ಗಾಳಿ ಹೊಡೆಯುತ್ತಾ ಇದ್ದವರು ಹಾಗೇ ಕುಸಿದರು, ಮತ್ತೆ ಏಳಲಿಲ್ಲ. ಹೃದಯದ ನರ ಕಟ್ಟಿತ್ತು ಅಂದರು. ಅತ್ತಿಗೆ ನನ್ನ ಹಣೆ ನೋಡಿದರು ಅಷ್ಟೆ. ಬಾಯಿಬಿಟ್ಟು ಅಂದಿದ್ದರೆ ಒಳ್ಳೆಯದಿತ್ತು, ಜಗಳವಾದರೂ ಆಡಬಹುದಿತ್ತು. ನನಗೆ ಗೊತ್ತು, ಹಣೆಗೂ ಹೃದಯಕ್ಕೂ ಸಂಬಂಧ ಇಲ್ಲ. ಆದರೂ ಪಾತ್ರೆ ತೊಳೆಯುವಾಗ ಕೈ ನಿಂತು ಹೋಗುತ್ತದೆ, ಇದ್ದರೂ ಇರಬಹುದೋ ಅಂತ. ತುರಿಕೆಯ ಕಾರಣ ಬೆನ್ನು ಹೇಳಿತು. ಇದರ ಕಾರಣ ಹೇಳುವ ಪಟ್ಟಿಯನ್ನು ಎಲ್ಲಿಗೆ ಅಂಟಿಸುವುದು?

ಹತ್ತನೇ ದಿನ ಅಳಿಸಲಿಕ್ಕೆ ನನ್ನ ಹಣೆಯಲ್ಲಿ ಏನೂ ಇರಲಿಲ್ಲ. ಅತ್ತಿಗೆ ಕುಂಕುಮದ ಬಟ್ಟಲು ತಂದರು. "ಇಟ್ಟು ಅಳಿಸಬೇಕು."

"ನನಗೆ ಆಗೂದಿಲ್ಲ ಅಂತ ಪರೀಕ್ಷೆಯಲ್ಲಿ ಬಂದದೆ ಅತ್ತಿಗೆ."

"ಒಂದು ಗಳಿಗೆ. ನನ್ನ ತಮ್ಮನಿಗೋಸ್ಕರ."

ಹಣೆ ಮುಂದೆ ಮಾಡಿದೆ. ಅಂಗೈ ತುಂಬ ತೆಗೆದು ಬಳಿದರು, ಒರೆಸಿದರು. ಮಾರನೇ ದಿನ ಹಣೆ ಊದಿ ಎರಡೂ ಕಣ್ಣು ಮುಚ್ಚಿಹೋದವು. ಮಾತಾಡಿಸಲಿಕ್ಕೆ ಬಂದ ಹೆಂಗಸರು ನೋಡಿ, "ಕಲ್ಲಿನಂಥವಳು ಅಂದ್ಕಂಡಿದ್ವಿ. ಪಾಪ, ಎಷ್ಟು ಅತ್ತಿದ್ದಾಳೆ ನೋಡು" ಅಂದರು. ಅತ್ತಿಗೆ ಮೊದಲ ಸಲ ನನ್ನನ್ನು ತಬ್ಬಿಕೊಂಡರು. ನಾನು ಅವರ್ಯಾರ ಎದುರಿಗೂ ಒಂದು ಹನಿ ಹಾಕಿರಲಿಲ್ಲ. ಅಪ್ಪಿತಪ್ಪಿ ತಾಗಿ ಊದಿದರೆ ಇರಲಿ ಅಂತ ಹುಬ್ಬಳ್ಳಿಯ ಡಾಕ್ಟರು ಕೊಟ್ಟ ಮಾತ್ರೆ ಕಪಾಟಿನಲ್ಲೇ ಇತ್ತು, ನುಂಗಿದ್ದರೆ ಸಂಜೆಯೊಳಗೆ ಊತ ಇಳಿಯುತ್ತಿತ್ತು. ನುಂಗಲಿಲ್ಲ. ಒಳ್ಳೆಯ ಹೆಂಡತಿ ಅಂತ ಊರು ಹೇಳುತ್ತಿದ್ದುದು ಅದೇ ಮೊದಲು, ಇನ್ನೆರಡು ದಿನ ಹೇಳಲಿ ಅಂತ ತುರಿಸಿಕೊಳ್ಳುತ್ತಾ ಕೂತೆ.